ಬಲವಿದ್ದವರು ‘ಪಾಸ್’ ಎಂದ ಕಾಲ

ಬ್ರಿಜ್ ಕಲಿಯುವವರಿಗೆ ಮೊದಲ ದಿನವೇ ಸಿಗುವ ಲೆಕ್ಕವಿದು: ಎಕ್ಕಕ್ಕೆ 4 ಅಂಕ, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಇಡೀ ಕಟ್ಟಿನಲ್ಲಿ 40. ಕೈಯಲ್ಲಿ 12–13 ಅಂಕವಿದ್ದರೆ ಹರಾಜು ಶುರುಮಾಡಬೇಕು, ಇಲ್ಲವಾದರೆ ‘ಪಾಸ್’ ಅನ್ನಬೇಕು. ಹೆರಾಲ್ಡ್ ವಾಂಡರ್‌ಬಿಲ್ಟ್ 1925ರಲ್ಲಿ ಹಡಗು ಪ್ರಯಾಣದ ನಡುವೆ ಕಾಂಟ್ರ್ಯಾಕ್ಟ್ ಬ್ರಿಜ್‌ನ ಅಂಕಪದ್ಧತಿ ರೂಪಿಸಿದ ಮೇಲೆ ಬಿಡ್ಡಿಂಗ್ ವಿಧಾನಗಳು ಎಷ್ಟೋ ಹುಟ್ಟಿದವು. ಬಲವಿದ್ದವರು ಮಾತಾಡಬೇಕು, ಇಲ್ಲದವರು ಸುಮ್ಮನಿರಬೇಕು ಎಂಬ ನಂಬಿಕೆಯನ್ನು ಮಾತ್ರ ಹೆಚ್ಚಿನವರು ಮುಟ್ಟಲಿಲ್ಲ.

ಅದನ್ನು ಬುಡಮೇಲು ಮಾಡಿದವರು 1970ರ ದಶಕದ ಪೋಲೆಂಡಿನ ಆಟಗಾರರು. ಅವರಲ್ಲಿ ಮುಖ್ಯ ಹೆಸರು ವೂಕಾಶ್ ಸ್ವಾವಿನ್‌ಸ್ಕಿ. ಅವರ ವಿಧಾನದ ಬೆನ್ನಿಗಿದ್ದದ್ದು ಗಣಿತ. ಹಂಚಿದ ಕೈಗಳಲ್ಲಿ 13 ಅಥವಾ ಹೆಚ್ಚು ಅಂಕ ಬರುವುದು ಶೇ 27ರಷ್ಟು ಸಲ. 8ರಿಂದ 12 ಅಂಕ ಬರುವುದು ಸುಮಾರು ಶೇ 45ರಷ್ಟು ಸಲ. ಅಂದರೆ ಎಲ್ಲಕ್ಕಿಂತ ಹೆಚ್ಚು ಬರುವ ಕೈಗಳ ಪಾಲಿಗೇ ಹಳೆಯ ಪದ್ಧತಿ ಮೌನವನ್ನು ವಿಧಿಸಿತ್ತು.

ಹರಾಜಿನಲ್ಲಿ ಇರುವುದು ಒಟ್ಟು 35 ಬಿಡ್‌ಗಳು. ಪ್ರತಿ ಬಿಡ್ ಕೂಡ ತನಗಿಂತ ಕೆಳಗಿನದನ್ನೆಲ್ಲ ಮುಚ್ಚಿಬಿಡುತ್ತದೆ. ಬಲವಾದ ಕೈಗೆ ಜತೆಗಾರನೊಡನೆ ವಿವರವಾಗಿ ಮಾತಾಡಲು ಜಾಗ ಬೇಕು. ಒಂದು ಬಿಡ್ಡನ್ನೂ ನುಂಗದ ಮಾತು ‘ಪಾಸ್’ ಒಂದೇ. ಹಾಗಾಗಿ 13 ಅಥವಾ ಹೆಚ್ಚು ಅಂಕದ ಕೈಗೆ ಪಾಸ್, 8–12ಕ್ಕೆ ಆರಂಭದ ಬಿಡ್. ಆದರೆ ಪಾಸ್ ಬಲಕ್ಕೆ ಮೀಸಲಾದ ಮೇಲೆ ಏನೂ ಇಲ್ಲದ ಕೈ ಏನು ಹೇಳಬೇಕು? ಅದಕ್ಕೂ ಒಂದು ಬಿಡ್ ಗೊತ್ತುಮಾಡಲೇಬೇಕಾಯಿತು. ಉದಾಹರಣೆಗೆ, 7ರವರೆಗಿನ ಅಂಕಕ್ಕೆ ಒಂದು ಹಾರ್ಟ್. ಕೈಯಲ್ಲಿ ಹಾರ್ಟ್ಸ್ ಇರಲೇಬೇಕೆಂದಿಲ್ಲ. ಇದನ್ನು ‘ಫರ್ಟ್’ ಎಂದರು. ಈ ವಿಧಾನದ ನಿಜವಾದ ಎದೆಗಾರಿಕೆ ಇರುವುದು ಇಲ್ಲೇ ಎಂದು ನನ್ನ ಎಣಿಕೆ.

ಈ ಎದೆಗಾರಿಕೆಗೂ ಒಂದು ಲೆಕ್ಕವಿದೆ. ಎದುರಾಳಿಗಳು ವಲ್ನರಬಲ್ (ಗೆದ್ದರೂ ಸೋತರೂ ಅಂಕ ಹೆಚ್ಚಿರುವ ಸ್ಥಿತಿ) ಆಗಿದ್ದು ನಾಲ್ಕು ಸ್ಪೇಡ್ಸ್ ಗೆದ್ದರೆ ಅವರಿಗೆ 620. ನಾವು ನಾನ್-ವಲ್ನರಬಲ್ ಆಗಿದ್ದು, ಡಬಲ್ ಬಿದ್ದು ಮೂರು ಟ್ರಿಕ್ ಸೋತರೂ ಕಳೆದುಕೊಳ್ಳುವುದು 500 ಮಾತ್ರ. ನಾಲ್ಕನೆಯ ಟ್ರಿಕ್ ಹೋದರೆ 800. ಅಲ್ಲಿಗೆ ಲೆಕ್ಕ ತಿರುಗಿಬೀಳುತ್ತದೆ. ಜತೆಗಾರನ ಕೈಯೂ ಬರಿದಾಗಿದ್ದ ದಿನ ಫರ್ಟ್ ದುಬಾರಿಯಾಗುತ್ತದೆ. ಆದರೆ ಎದುರಾಳಿಗಳು ತಮ್ಮ ಅಭ್ಯಾಸದ ದಾರಿ ಬಿಟ್ಟು, ಹೊಸ ಜಾಗದಿಂದ ಹರಾಜು ನಡೆಸಬೇಕಾದ ಕಷ್ಟವೂ ಸಣ್ಣದಲ್ಲ.

ಆಸ್ಟ್ರೇಲಿಯಾದಲ್ಲಿ ಪಾಲ್ ಮಾರ್ಸ್ಟನ್ ಮತ್ತು ಸ್ಟೀಫನ್ ಬರ್ಜೆಸ್ ಈ ವಿಧಾನವನ್ನು ಬೆಳೆಸಿದರು. ಎದುರಾಳಿಗಳಿಗೆ ತಯಾರಾಗಲು ಸಮಯ ಸಾಲದು ಎಂಬ ದೂರು ಎಲ್ಲೆಡೆ ಬಂತು. ವಿಶ್ವ ಬ್ರಿಜ್ ಒಕ್ಕೂಟ ಇಂಥವನ್ನು ‘ತೀರಾ ಅಸಾಮಾನ್ಯ ವಿಧಾನ’ಗಳ ವರ್ಗಕ್ಕೆ ಸೇರಿಸಿ, ಕೆಲವು ದೀರ್ಘ ತಂಡಪಂದ್ಯಗಳಿಗೆ ಸೀಮಿತಗೊಳಿಸಿತು. ಮಾರ್ಸ್ಟನ್ ಮತ್ತು ಬರ್ಜೆಸ್ ತಮ್ಮ ಚಿಂತನೆಯನ್ನು ‘ಮೊಸ್ಕಿಟೊ’ ಪದ್ಧತಿಯಲ್ಲಿ ಉಳಿಸಿಕೊಂಡರು: ಬಲವಾದ ಕೈಗೆ ಪಾಸ್ ಬದಲು ಒಂದು ಕ್ಲಬ್, ಹಗುರ ಕೈಗಳಿಗೆ ಎಂದಿನಂತೆ ಆರಂಭದ ಬಿಡ್.

ಸಂಜೆಯ ಕ್ಲಬ್ ಪಂದ್ಯದಲ್ಲಿ ಎರಡೇ ಆಟಕ್ಕೆ ಎದುರು ಕೂರುವವರ ಮೇಲೆ ಫರ್ಟ್ ಹೇರುವುದು ಸರಿಯಲ್ಲ; ಅಲ್ಲಿ ನಿರ್ಬಂಧ ನ್ಯಾಯವೇ. ಆದರೆ ಬ್ರಿಜ್‌ನಲ್ಲಿ ಗುಟ್ಟಿನ ಬಿಡ್‌ಗೆ ಜಾಗವಿಲ್ಲ, ಪ್ರತಿ ಬಿಡ್‌ನ ಅರ್ಥವೂ ಎದುರಾಳಿಗೆ ತಿಳಿದಿರಬೇಕು. ವಿವರವನ್ನು ಮೊದಲೇ ಕೊಟ್ಟು, ವಾರಗಟ್ಟಲೆ ತಯಾರಿಗೆ ಅವಕಾಶವಿರುವ ದೊಡ್ಡ ಪಂದ್ಯಗಳಲ್ಲಿ ಈ ವಿಧಾನಕ್ಕೆ ಬಾಗಿಲು ಇನ್ನಷ್ಟು ತೆರೆಯಬೇಕು.