ಉಗುರಿನ ಬೂಷ್ಟು: ಗಾಜಿನ ತಟ್ಟೆ ಬೇರೆ, ಕಾಲ್ಬೆರಳು ಬೇರೆ



ಮಳೆಗಾಲ ಕಳೆದು ಗಂಬೂಟು ಮೂಲೆ ಸೇರಿದ ಮೇಲೆ ನಮ್ಮಲ್ಲಿ ಅನೇಕರ ಕಣ್ಣಿಗೆ ಕಾಲಿನ ಹೆಬ್ಬೆರಳ ಉಗುರು ಬೀಳುತ್ತದೆ. ಅದು ಹಳದಿಗಟ್ಟಿ, ದಪ್ಪವಾಗಿ, ತುದಿಯಲ್ಲಿ ಪುಡಿಪುಡಿಯಾಗಿ ಉದುರತೊಡಗಿರುತ್ತದೆ. ಔಷಧಿ ಅಂಗಡಿಯಿಂದ ಒಂದು ಬಾಟಲಿ ತಂದು ಎರಡು ತಿಂಗಳು ಹಚ್ಚಿ, 'ಇದರಿಂದ ಏನೂ ಆಗಲಿಲ್ಲ' ಎಂದು ಬಿಟ್ಟವರೂ ಇದ್ದಾರೆ. ಮೈಲುತುತ್ತ ತೇಯ್ದು ಹಚ್ಚಲು ಹೊರಟವರೂ ಇದ್ದಾರೆ. ಇಂಥ ಔಷಧಿಗಳನ್ನು ಪ್ರಯೋಗಶಾಲೆಯಲ್ಲಿ ಹೇಗೆ ಪರೀಕ್ಷಿಸುತ್ತಾರೆಂದು ತಿಳಿದರೆ ಈ ಎರಡು ತಪ್ಪುಗಳೂ ತಪ್ಪುತ್ತವೆ.

ಈ ರೋಗಕ್ಕೆ ಮುಖ್ಯ ಕಾರಣ ಟ್ರೈಕೊಫೈಟಾನ್ ರೂಬ್ರಮ್ ಎಂಬ ಶಿಲೀಂಧ್ರ. ಮೊದಲ ಪರೀಕ್ಷೆಯಲ್ಲಿ ಇದನ್ನು ಗಾಜಿನ ತಟ್ಟೆಯಲ್ಲೋ ಪೋಷಕ ದ್ರವದಲ್ಲೋ ಬೆಳೆಸಿ, ಔಷಧಿಯನ್ನು ಹಂತಹಂತವಾಗಿ ತೆಳುಮಾಡುತ್ತಾ ಬೆರೆಸುತ್ತಾರೆ. ಬೆಳವಣಿಗೆಯನ್ನು ತಡೆಯುವ ಅತಿ ಕಡಿಮೆ ಪ್ರಮಾಣ ಯಾವುದೆಂದು ಗುರುತು ಹಾಕಿಕೊಳ್ಳುತ್ತಾರೆ. ಇಲ್ಲಿ ಗೆಲ್ಲುವ ಔಷಧಿಗಳು ಹಲವು.

ಆದರೆ ಉಗುರು ಗಾಜಿನ ತಟ್ಟೆಯಲ್ಲ. ಅದು ಕೆರಾಟಿನ್ ಎಂಬ ಗಟ್ಟಿ ಪದಾರ್ಥದ ಹಲಗೆ. ರೋಗ ಸಾಮಾನ್ಯವಾಗಿ ಇರುವುದು ಅದರ ಅಡಿಯಲ್ಲಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮುಂಚಿತವಾಗಿಯೇ ಏಕೆ ಹೊಡೆಯುತ್ತೇವೆ? ಅದು ಕಾಯಿಯ ಮೇಲೆ ಕುಳಿತು ಕಾಯುತ್ತದೆಯೇ ಹೊರತು ಒಳಹೊಕ್ಕು ಗುಣಪಡಿಸುವುದಿಲ್ಲ. ಉಗುರಿನ ಔಷಧಿಗಾದರೋ ಒಳಹೊಗುವುದೇ ಮುಖ್ಯ ಕೆಲಸ.

ಆದ್ದರಿಂದ ಎರಡನೆಯ ಪರೀಕ್ಷೆಯಲ್ಲಿ ಔಷಧಿಗೆ ಕೆರಾಟಿನ್ ಪುಡಿ ಬೆರೆಸಿ, ಎಷ್ಟು ಪಾಲು ಅದಕ್ಕೆ ಅಂಟಿಕೊಂಡು ನಿಷ್ಫಲವಾಯಿತೆಂದು ಅಳೆಯುತ್ತಾರೆ. 2014ರಲ್ಲಿ ಪ್ರಕಟವಾದ ಇಂಥ ಒಂದು ಹೋಲಿಕೆಯಲ್ಲಿ ಎಫಿನಕೊನಜೋಲ್ ಸುಮಾರು ಶೇಕಡ 14ರಷ್ಟು ಬಿಡುವಾಗಿ ಉಳಿದರೆ, ಅಮೊರೊಲ್ಫಿನ್ ಸುಮಾರು ಶೇಕಡ 2, ಸೈಕ್ಲೊಪಿರಾಕ್ಸ್ ಶೇಕಡ 1ಕ್ಕಿಂತ ಕಡಿಮೆ ಉಳಿದವು. ಮೂರನೆಯ ಪರೀಕ್ಷೆಯಲ್ಲಿ ಕತ್ತರಿಸಿದ ಉಗುರನ್ನೋ ದನದ ಗೊರಸಿನ ತೆಳು ಬಿಲ್ಲೆಯನ್ನೋ ಎರಡು ಗಾಜಿನ ಕೋಶಗಳ ನಡುವೆ ಬಿಗಿದು, ಮೇಲೆ ಔಷಧಿ ಹಚ್ಚಿ, ಕೆಳಗಿನ ದ್ರವಕ್ಕೆ ಎಷ್ಟು ಇಳಿಯಿತೆಂದು ದಿನಗಟ್ಟಲೆ ನೋಡುತ್ತಾರೆ.

ಇಷ್ಟೆಲ್ಲ ದಾಟಿದ ಔಷಧಿಯೂ ಕೊನೆಗೆ ಮನುಷ್ಯರ ಕಾಲಿನ ಮೇಲೆ ಪರೀಕ್ಷೆಗೊಳ್ಳಬೇಕು. ಎಫಿನಕೊನಜೋಲ್ ಶೇಕಡ 10ರ ದ್ರಾವಣವನ್ನು ಸುಮಾರು 1,650 ಮಂದಿ ಸೇರಿದ್ದ ಎರಡು ಪ್ರಯೋಗಗಳಲ್ಲಿ ದಿನಕ್ಕೊಮ್ಮೆ 48 ವಾರ ಹಚ್ಚಿಸಲಾಯಿತು. ಉಗುರು ಸಂಪೂರ್ಣ ಶುಭ್ರವಾಗಿ, ಶಿಲೀಂಧ್ರವೂ ಇಲ್ಲವಾದವರು ಒಂದರಲ್ಲಿ ಶೇಕಡ 17.8, ಇನ್ನೊಂದರಲ್ಲಿ ಶೇಕಡ 15.2. ಔಷಧಿಯಿಲ್ಲದ ಬರಿಯ ದ್ರಾವಣ ಹಚ್ಚಿದವರಲ್ಲಿ ಇದು ಶೇಕಡ 3.3 ಮತ್ತು 5.5. ಉಗುರಿನ ರೂಪ ಪೂರ್ತಿ ಸರಿಹೋಗದಿದ್ದರೂ ಪರೀಕ್ಷೆಯಲ್ಲಿ ಶಿಲೀಂಧ್ರ ಕಾಣದಾದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ತಟ್ಟೆಯಲ್ಲಿ ನೂರಕ್ಕೆ ನೂರು ಗೆದ್ದದ್ದು ಕಾಲಿನಲ್ಲಿ ಎಲ್ಲಿಗೆ ಬಂದು ನಿಂತಿತು ನೋಡಿ!

ಇದರಿಂದ ನಾವು ತಿಳಿಯಬೇಕಾದದ್ದು:

ಒಂದು, ಮೊದಲು ಪರೀಕ್ಷೆ, ಆಮೇಲೆ ಔಷಧಿ. ಕೆಟ್ಟ ಉಗುರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಬೂಷ್ಟಿನಿಂದ ಕೆಟ್ಟವು. ಮಿಕ್ಕವಕ್ಕೆ ಪೆಟ್ಟು, ಸೋರಿಯಾಸಿಸ್ ಮುಂತಾದ ಬೇರೆ ಕಾರಣಗಳುಂಟು. ಉಗುರಿನ ಅಡಿಯ ಪುಡಿಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ನೆನೆಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಸುಲಭದ ಪರೀಕ್ಷೆ. ಔಷಧಿ ಹಚ್ಚುವ ಮೊದಲೇ ಇದನ್ನು ಮಾಡಿಸಬೇಕು.

ಎರಡು, ತಾಳ್ಮೆ. ಕಾಲಿನ ಉಗುರು ತಿಂಗಳಿಗೆ ಬೆಳೆಯುವುದು ಒಂದೂವರೆ ಮಿಲಿಮೀಟರಿನಷ್ಟೇ. ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಎರಡು ತಿಂಗಳಿಗೆ ತೀರ್ಪು ಕೊಡುವುದು, ಸಸಿ ನೆಟ್ಟ ವರ್ಷವೇ ಗೊನೆ ಎಣಿಸಿದಂತೆ.

ಮೂರು, ಅರ್ಧಕ್ಕಿಂತ ಹೆಚ್ಚು ಉಗುರು ಕೆಟ್ಟಿದ್ದರೆ ಅಥವಾ ಹಲವು ಉಗುರುಗಳಿಗೆ ಹಬ್ಬಿದ್ದರೆ ಹಚ್ಚುವ ಔಷಧಿಯೊಂದೇ ಸಾಮಾನ್ಯವಾಗಿ ಸಾಲದು. ಟರ್ಬಿನಫಿನ್ ಮಾತ್ರೆ ಬೇಕಾಗಬಹುದು; ಅದನ್ನು ವೈದ್ಯರೇ ಯಕೃತ್ತಿನ ಸ್ಥಿತಿ ನೋಡಿ ಕೊಡಬೇಕು. ಸಕ್ಕರೆ ಕಾಯಿಲೆಯವರಂತೂ ಅಸಡ್ಡೆ ಮಾಡಲೇಬಾರದು; ಉಗುರಿನ ಬದಿಯ ಸಣ್ಣ ಬಿರುಕೇ ಕಾಲಿಗೆ ಕುತ್ತಾಗಬಹುದು.

ನಾಲ್ಕು, ಬೆರಳ ಸಂದಿಯ ತುರಿಕೆ ಮತ್ತು ಕೆಸರುಹುಣ್ಣನ್ನು ಕೂಡಲೇ ಗುಣಪಡಿಸಿಕೊಳ್ಳಿ. ಬೂಷ್ಟು ಹೆಚ್ಚಾಗಿ ಉಗುರಿಗೆ ಹಬ್ಬುವುದು ಅಲ್ಲಿಂದಲೇ. ಸಂಜೆ ಕಾಲು ತೊಳೆದು ಸಂದಿಗಳನ್ನು ಒರಸಿ, ಗಂಬೂಟನ್ನು ಬೋರಲು ಹಾಕಿ ಒಣಗಿಸಿ. ನಮ್ಮ ಕೆಲಸದಾಳುಗಳಿಗೂ ಇದನ್ನು ತಿಳಿಸಿಹೇಳಿ. ಹಗಲಿಡೀ ಒದ್ದೆಯಲ್ಲಿ ನಿಲ್ಲುವುದು ನಮಗಿಂತ ಹೆಚ್ಚಾಗಿ ಅವರ ಕಾಲು.

ಮೈಲುತುತ್ತ ತೋಟದಲ್ಲೇ ಇರಲಿ. ಅದು ಚರ್ಮವನ್ನು ಸುಡುತ್ತದೆ.