ತಾರಸಿಯ ಮೇಲೆ ಮೂರನೇ ಹೊಡೆತ

ಜೆ.ಪಿ. ನಗರದ ಒಂದು ಅಡ್ಡರಸ್ತೆ. ಕೆಳಗೆ ದರ್ಶಿನಿ, ಅದರ ಮೇಲೆ ಜಿಮ್ಮು, ಅದರ ಮೇಲೆ ಟ್ಯೂಷನ್ ಸೆಂಟರು. ಎಲ್ಲಕ್ಕಿಂತ ಮೇಲೆ, ಸಿಂಟೆಕ್ಸ್ ಟ್ಯಾಂಕು, ಸೋಲಾರ್ ಪ್ಯಾನೆಲ್ಲುಗಳನ್ನು ಒಂದು ಮೂಲೆಗೆ ತಳ್ಳಿ, ಸುತ್ತ ಬಲೆ ಕಟ್ಟಿ ಮಾಡಿದ ಎರಡು ಪಿಕಲ್‌ಬಾಲ್ ಕೋರ್ಟು. ಲಿಫ್ಟು ತಾರಸಿವರೆಗೆ ಬರುವುದಿಲ್ಲ. ಕೊನೆಯ ಮಹಡಿ ಹತ್ತಿದ್ದನ್ನೇ ವಾರ್ಮ್‌-ಅಪ್ ಲೆಕ್ಕಕ್ಕೆ ಹಾಕಿಕೊಂಡು ಸೀದಾ ಆಟಕ್ಕಿಳಿಯುವವರೇ ಜಾಸ್ತಿ. ಮೆಟ್ಟಿಲ ಮೇಲಿರುವಾಗಲೇ ಸದ್ದು ಬರುತ್ತದೆ: ಟಕ್, ಟಕ್, ಟಕ್. ಗಟ್ಟಿ ಪ್ಯಾಡಲ್ಲಿಗೆ ಗಟ್ಟಿ ಪ್ಲಾಸ್ಟಿಕ್ಕು ಬಡಿಯುವ ಸದ್ದು. ಎದುರುಮನೆಯವರು ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟಿದ್ದಾರೆ. ರಾತ್ರಿ ಹತ್ತರ ಮೇಲೆ ಆಟವಿಲ್ಲ ಎಂದು ಬಾಗಿಲ ಮೇಲೆ ತೂಗುತ್ತಿರುವ ಬೋರ್ಡು ಅವರ ಜಗಳದ ಗಳಿಕೆ.

ಕಿವಿ ಪಳಗಿದರೆ ಆ ಸದ್ದಿನಲ್ಲೇ ಆಡುವವರ ಮಟ್ಟ ತಿಳಿಯುತ್ತದೆ. ಎಲ್ಲ ಹೊಡೆತವೂ ಒಂದೇ ಜೋರಿನಲ್ಲಿದ್ದು, ನಾಲ್ಕಕ್ಕೋ ಐದಕ್ಕೋ ನಿಂತು ‘ಛೇ!’ ಎಂಬಲ್ಲಿಗೆ ಮುಗಿದರೆ ಹೊಸಬರು. ಮೊದಲೆರಡು ಜೋರು, ಮೂರನೆಯದು ಕೇಳಿಯೂ ಕೇಳಿಸದಷ್ಟು ಸಣ್ಣಗೆ, ಆಮೇಲೆ ಒಂದಷ್ಟು ಹೊತ್ತು ಬರೀ ಸಣ್ಣ ಟಿಕ್ ಟಿಕ್, ಇದ್ದಕ್ಕಿದ್ದಂತೆ ಪಟಪಟನೆ ನಾಲ್ಕು ಏಟು ಬಿದ್ದರೆ ಆಟ ಕಲಿತವರು. ಬಂದು ಬಂದು ಎಷ್ಟೋ ಜನ ಮೊದಲ ಸದ್ದಿನಲ್ಲೇ ಉಳಿದುಬಿಡುತ್ತಾರೆ. ಒಂದರಿಂದ ಇನ್ನೊಂದಕ್ಕೆ ದಾಟುವುದು ಹೇಗೆ ಎಂಬುದೇ ಈ ತಾರಸಿಯ ನಿತ್ಯದ ತಲೆಬಿಸಿ.

ಸಂಜೆ ಏಳರ ಸ್ಲಾಟಿನವರು ನಾಲ್ವರು. ಅವರು ಒಂದು ಚೆಂಡು ಹೊಡೆಯುವುದನ್ನು ನೋಡಿದರೆ ಸಾಕು, ಹಿಂದೆ ಯಾವ ಆಟ ಆಡಿ ಬಂದವರೆಂದು ಹೇಳಬಹುದು. ಸಾಫ್ಟ್‌ವೇರ್ ಹುಡುಗ ಟೆನಿಸ್ಸಿನವನು. ಭುಜ ತಿರುಗಿಸಿ ಪ್ಯಾಡಲ್ಲನ್ನು ಬೆನ್ನ ಹಿಂದಿನಿಂದ ಎಳೆದು ತಂದು ಬಾರಿಸುತ್ತಾನೆ. ಕಾಲೇಜು ಹುಡುಗಿ ಟೇಬಲ್ ಟೆನಿಸ್ಸಿನವಳು. ಅವಳದ್ದೆಲ್ಲ ಮಣಿಕಟ್ಟಿನಲ್ಲೇ. ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರ್ ಸರ್ ಮೂವತ್ತು ವರ್ಷ ಕ್ಲಬ್ಬಿನಲ್ಲಿ ಶಟಲ್ ಆಡಿದವರು. ನಾಲ್ಕನೆಯವರು ಮಂಡ್ಯ ಕಡೆಯ ಪಿ.ಟಿ. ಮೇಷ್ಟ್ರು, ಮಗಳ ಮನೆಗೆಂದು ಬಂದವರು ಇಲ್ಲಿಗೆ ಅಂಟಿಕೊಂಡಿದ್ದಾರೆ. ಅವರದು ಉಲ್ಲನ್ ಚೆಂಡಿನ ಬಾಲ್ ಬ್ಯಾಡ್ಮಿಂಟನ್.

ಇಷ್ಟು ಆಟಗಳವರು ಒಂದೇ ಕಡೆ ಸೇರಿದ್ದು ಆಶ್ಚರ್ಯವೇನಲ್ಲ. ಈ ಆಟ ಹುಟ್ಟಿದ್ದೇ ಅಲ್ಲಿಂದಿಷ್ಟು ಇಲ್ಲಿಂದಿಷ್ಟು ತಂದು. 1965ರ ಬೇಸಿಗೆಯಲ್ಲಿ, ಅಮೆರಿಕದ ಸಿಯಾಟಲ್ ಪಕ್ಕದ ಬೇನ್‌ಬ್ರಿಡ್ಜ್ ದ್ವೀಪದಲ್ಲಿ, ಬೇಜಾರೆಂದು ಕೂತ ಮನೆಮಂದಿಗೆ ಜೋಯೆಲ್ ಪ್ರಿಚರ್ಡ್ ಮತ್ತು ಬಿಲ್ ಬೆಲ್ ಏನಾದರೊಂದು ಆಟ ಹುಡುಕುತ್ತಿದ್ದರು. ಹಳೆಯ ಶಟಲ್ ಕೋರ್ಟಿತ್ತು, ಸರಿಯಾದ ರ‍್ಯಾಕೆಟ್ಟು ಸಿಗಲಿಲ್ಲ. ಟೇಬಲ್ ಟೆನಿಸ್ ಬ್ಯಾಟು ಹಿಡಿದು, ತೂತಿನ ಪ್ಲಾಸ್ಟಿಕ್ ಚೆಂಡಿನಲ್ಲಿ ಶುರು ಮಾಡಿದರು. ಚೆಂಡು ನೆಲಕ್ಕೆ ಬಿದ್ದು ಚೆನ್ನಾಗಿಯೇ ಪುಟಿಯುತ್ತದೆಂದು ಗೊತ್ತಾದ ಮೇಲೆ 60 ಇಂಚು ಎತ್ತರದಲ್ಲಿದ್ದ ನೆಟ್ಟನ್ನು 36 ಇಂಚಿಗೆ ಇಳಿಸಿದರು. ಜೊತೆಗೂಡಿದ ಗೆಳೆಯ ಬಾರ್ನಿ ಮೆಕಲಮ್ ಪ್ಲೈವುಡ್ಡು ಕೊಯ್ದು ಪ್ಯಾಡಲ್ಲು ಮಾಡಿಕೊಟ್ಟರು. ಪ್ರಿಚರ್ಡ್ ಆಮೇಲೆ ಸಂಸತ್ ಸದಸ್ಯರೂ ಆದರು, ಆದರೆ ಇಂದು ಹೆಸರು ಕೇಳಿಬರುವುದು ಈ ಆಟದಿಂದಲೇ. ನಮ್ಮಲ್ಲಿಗೆ ಮುಂಬೈಯ ಸುನಿಲ್ ವಾಳವಲ್ಕರ್ ತಂದರು, 2008ರಲ್ಲಿ ಸಂಘವನ್ನೂ ಕಟ್ಟಿದರು. ಬೆಂಗಳೂರಿನ ತಾರಸಿಗಳಿಗೆ ಹತ್ತಿದ್ದು ಅದಾಗಿ ಎಷ್ಟೋ ಕಾಲಕ್ಕೆ.

ಕೋರ್ಟಿನ ಅಳತೆ ಈಗಲೂ ಶಟಲ್ ಡಬಲ್ಸಿನದೇ: 44 ಅಡಿ ಉದ್ದ, 20 ಅಡಿ ಅಗಲ. ನೆಟ್ಟು ಬದಿಯಲ್ಲಿ 36 ಇಂಚು, ನಡುವೆ 34. ನೆಟ್ಟಿನ ಎರಡೂ ಕಡೆ ಏಳೇಳು ಅಡಿ ಕಿಚನ್. ಅಲ್ಲಿ ನಿಂತು ಚೆಂಡನ್ನು ಗಾಳಿಯಲ್ಲೇ ಹೊಡೆಯುವಂತಿಲ್ಲ, ನೆಲಕ್ಕೆ ಬಿದ್ದು ಎದ್ದ ಮೇಲೆ ಹೊಡೆಯಬಹುದು. ಈ ಏಳಡಿ ಇಲ್ಲದಿದ್ದರೆ ಎತ್ತರದವರು ನೆಟ್ಟಿಗಂಟಿ ನಿಂತು ಕೆಳಕ್ಕೆ ಬಡಿದು ಗೆದ್ದುಬಿಡುತ್ತಿದ್ದರು. ಅದಿರುವುದರಿಂದಲೇ ಅರವತ್ತೈದರ ಮ್ಯಾನೇಜರ್ ಸರ್ ಇಪ್ಪತ್ತೆಂಟರ ಹುಡುಗನ ಎದುರು ನಿಂತು ಬೆವರಿಳಿಸುತ್ತಾರೆ.

ಹುಡುಗ ಸರ್ವ್ ಮಾಡಿದ. ಪ್ಯಾಡಲ್ಲು ಕೆಳಗಿನಿಂದ ಮೇಲಕ್ಕೆ, ಸೊಂಟದ ಕೆಳಗೆ ಚೆಂಡಿಗೆ ತಾಗಿ, ಓರೆಗೆ ಆಚೆ ಬದಿಯ ಚೌಕಕ್ಕೆ. ಮ್ಯಾನೇಜರ್ ಸರ್ ಅದನ್ನು ಪುಟಿಯಲು ಬಿಟ್ಟು ಉದ್ದಕ್ಕೆ, ಇವನ ಕಾಲ ಬಳಿಗೆ ಕಳಿಸಿ, ನಡೆದುಕೊಂಡೇ ಕಿಚನ್ ಗೆರೆಗೆ ಬಂದು ನಿಂತರು. ಮೇಷ್ಟ್ರು ಮೊದಲೇ ಅಲ್ಲಿದ್ದಾರೆ. ವಾಪಸ್ ಬಂದ ಚೆಂಡೂ ಒಮ್ಮೆ ಪುಟಿಯಲೇಬೇಕೆಂಬ ನಿಯಮ ಇರುವುದರಿಂದ ಸರ್ವ್ ಮಾಡಿದ ಜೋಡಿ ಮುಂದೆ ನುಗ್ಗುವಂತಿಲ್ಲ, ಹಿಂದೆಯೇ ಕಾಯಬೇಕು. ಆಚೆ ಇಬ್ಬರೂ ನೆಟ್ಟಿನ ಹತ್ತಿರ, ಈಚೆ ಇಬ್ಬರೂ ಬೇಸ್‌ಲೈನಿನಲ್ಲಿ. ಈಗ ಹೊಡೆಯಬೇಕಾದ್ದೇ ಮೂರನೇ ಹೊಡೆತ. ಈ ಆಟದ ಕಷ್ಟವೆಲ್ಲ ಇಲ್ಲೇ ಇದೆ ಎಂಬುದು ನನ್ನ ಎಣಿಕೆ.

ಹುಡುಗ ಬಾರಿಸಿದ. ಮೇಷ್ಟ್ರು ಪ್ಯಾಡಲ್ಲು ಅಡ್ಡ ಹಿಡಿದರು, ಅಷ್ಟೇ. ಹೋದ ವೇಗದಲ್ಲೇ ಚೆಂಡು ಹಿಂದಿರುಗಿ ಅವನ ಪಾದಕ್ಕೆ ಬಿತ್ತು. ಮತ್ತೆ ಬಾರಿಸಿದ, ಮತ್ತೆ ಅದೇ ಕತೆ.

“ಸರ್, ಪವರ್ ಅವರ್ಗೆ ಯಾಕ್ ಸಾಲ ಕೊಡ್ತೀರ?” ಅಂದ ಕೋಚ್. ಹಾಸನದ ಕಡೆ ಹುಡುಗ, ಮಾತು ಕಡಿಮೆ. ಚೆಂಡಿನ ಬುಟ್ಟಿ ತಂದು ಬೇಸ್‌ಲೈನಿನಲ್ಲಿಟ್ಟು ತಾನೇ ತೋರಿಸಿದ. ಮೊಣಕಾಲು ಬಗ್ಗಿತು, ಬೆನ್ನಲ್ಲ. ಪ್ಯಾಡಲ್ಲು ಹಿಂದಕ್ಕೆ ಹೋಗಲೇ ಇಲ್ಲ, ಚೆಂಡು ಪುಟಿದು ಇಳಿಯುವಾಗ ಅದರ ಕೆಳಗೆ ಬಂದು, ಭುಜದಿಂದ ಮೆಲ್ಲಗೆ ಮೇಲೆತ್ತಿತು. ಮಣಿಕಟ್ಟು ಕದಲಲಿಲ್ಲ. ಚೆಂಡು ಏರಿತು, ಏರಿ ನೆಟ್ಟಿನ ಈಚೆಗೇ ತುದಿ ಮುಟ್ಟಿತು, ನೆಟ್ಟು ದಾಟುವಾಗ ಆಗಲೇ ಇಳಿಯುತ್ತಿತ್ತು. ಕಿಚನ್ನಿನೊಳಗೆ ಬಿದ್ದು ಮೊಣಕಾಲೆತ್ತರಕ್ಕೂ ಏಳಲಿಲ್ಲ. ಆಚೆಯವರು ಅದನ್ನು ಕೆಳಕ್ಕೆ ಬಡಿಯುವಂತಿಲ್ಲ, ಮೇಲಕ್ಕೆ ಎತ್ತಿಯೇ ಕಳಿಸಬೇಕು. ಆ ಹೊತ್ತಿನಲ್ಲಿ ಇವರು ಮುಂದೆ ಬಂದು ಗೆರೆ ಹಿಡಿಯಬಹುದು. ಡ್ರಾಪ್ ಎನ್ನುವುದು ಪಾಯಿಂಟು ಗೆಲ್ಲುವ ಹೊಡೆತವಲ್ಲ, ಮುಂದೆ ಬರಲು ಸಮಯ ಕೊಳ್ಳುವ ಹೊಡೆತ. ಟೆನಿಸ್ಸಿನಿಂದ ಬಂದವರಿಗೆ ಇದನ್ನು ಒಪ್ಪಿಕೊಳ್ಳುವುದೇ ಅರ್ಧ ಪಾಠ.

ಚೆಂಡಿನ ಗುಣವೂ ಹಾಗೇ ಇದೆ. ಟೆನಿಸ್ ಚೆಂಡು ಬಿಟ್ಟ ಎತ್ತರದ ಅರ್ಧಕ್ಕಿಂತ ಹೆಚ್ಚು ಪುಟಿಯಬೇಕು. ಪಿಕಲ್‌ಬಾಲನ್ನು ಆರೂವರೆ ಅಡಿಯಿಂದ ಕಲ್ಲಿನ ಮೇಲೆ ಬಿಟ್ಟರೆ ಎರಡೂವರೆ ಅಡಿ ಚಿಲ್ಲರೆ ಎದ್ದರೆ ಸಾಕೆಂದು ನಿಯಮವೇ ಇದೆ. ತೂಕ 25 ಗ್ರಾಮಿನ ಆಸುಪಾಸು, ಮೈತುಂಬ ತೂತು, ಬಯಲಲ್ಲಿ ಆಡುವ ಚೆಂಡಿಗೆ ಸಾಮಾನ್ಯವಾಗಿ 40. ಗಾಳಿ ಅದನ್ನು ದಾರಿಯಲ್ಲೇ ಹಿಡಿದು ನಿಲ್ಲಿಸುತ್ತದೆ. ಬನ್ನೇರುಘಟ್ಟ ರಸ್ತೆ ಕಡೆಯಿಂದ ಬೀಸಿದ ದಿನ ಒಂದು ಬದಿಯವರ ಡ್ರಾಪೆಲ್ಲ ನೆಟ್ಟಿಗೆ, ಇನ್ನೊಂದು ಬದಿಯವರದ್ದೆಲ್ಲ ಎದೆಯೆತ್ತರಕ್ಕೆ. ತಾರಸಿಯಲ್ಲಿ ಕಲಿತವರು ಒಳಾಂಗಣಕ್ಕೆ ಹೋದರೆ ಅರ್ಧ ಗಂಟೆ ತಬ್ಬಿಬ್ಬಾಗುತ್ತಾರೆ.

ಮ್ಯಾನೇಜರ್ ಸರ್ ಡಿಂಕ್ ಆಡುವುದನ್ನು, ಅಂದರೆ ಕಿಚನ್ ಗೆರೆಯಿಂದ ಎದುರಿನ ಕಿಚನ್ನಿಗೆ ಚೆಂಡನ್ನು ಮೆಲ್ಲಗೆ ಇಳಿಸುವುದನ್ನು, ಹತ್ತಿರ ನಿಂತು ನೋಡಬೇಕು. ಕಿಚನ್ ಗೆರೆಯ ಹಿಂದೆ ಒಂದು ಗೇಣು ಬಿಟ್ಟು ನಿಲ್ಲುತ್ತಾರೆ. ಪ್ಯಾಡಲ್ಲು ಸದಾ ಎದೆಯ ಮುಂದೆ, ಹೊಡೆದ ಕೂಡಲೇ ಮತ್ತೆ ಅಲ್ಲಿಗೇ. ಹಿಡಿತ ಎಷ್ಟು ಸಡಿಲವೆಂದರೆ ಕಿರುಬೆರಳು ಹಿಡಿಯ ಮೇಲೆ ಸುಮ್ಮನೆ ಕೂತಿರುತ್ತದೆ. ಜೋರಾಗಿ ಬಂದ ಚೆಂಡು ಆ ಸಡಿಲ ಕೈಗೆ ತಾಗಿ ಜೀವ ಕಳೆದುಕೊಂಡು ನೆಟ್ಟಿನಾಚೆ ಬಿದ್ದುಬಿಡುತ್ತದೆ. ಇದನ್ನು ರೀಸೆಟ್ ಅನ್ನುತ್ತಾರೆ, ಎದುರಾಳಿಯ ರಭಸಕ್ಕೆ ನೀರೆರಚುವ ಕೆಲಸ. “ಹಿಡಿತ ಹತ್ತಕ್ಕೆ ಮೂರು, ಜಾಸ್ತಿ ಅಂದ್ರೆ ನಾಲ್ಕು” ಎಂದು ಕೋಚ್ ಎಲ್ಲರಿಗೂ ಹೇಳುತ್ತಾನೆ. ಅವಸರ ಬಂದ ಕೂಡಲೇ ಎಲ್ಲರ ಕೈಯೂ ಎಂಟಕ್ಕೇರುತ್ತದೆ. ಇವರದ್ದು ಏರುವುದಿಲ್ಲ. ಸಾಲದ ಅರ್ಜಿ ಹಿಡಿದು ಬಂದವರ ಎದುರು ಮೂವತ್ತು ವರ್ಷ ಮುಖಭಾವ ಬದಲಿಸದೆ ಕೂತವರಿಗೆ ಇದೇನು ಮಹಾ ಎಂದು ಗೇಟಿನ ಬಳಿಯವರು ನಗುತ್ತಾರೆ.

ಹುಡುಗಿಯದು ಬೇರೆಯೇ ಸಮಸ್ಯೆ. ಕೈ ಬಲು ಚುರುಕು. ನಾಲ್ವರೂ ನೆಟ್ಟಿಗೆ ಬಂದು ಪಟಪಟ ಶುರುವಾದರೆ ಅವಳೇ ರಾಣಿ. ಅಮೆರಿಕದ ಹೆಸರಾಂತ ಪಿಕಲ್‌ಬಾಲ್ ಆಟಗಾರ ಬೆನ್ ಜಾನ್ಸ್ ಕೂಡ ಟೇಬಲ್ ಟೆನಿಸ್, ಟೆನಿಸ್ ಎರಡನ್ನೂ ಆಡಿಯೇ ಇಲ್ಲಿಗೆ ಬಂದದ್ದು, ಅವರ ಮುಂಗೈ ಆಟದಲ್ಲಿ ಅದು ಕಾಣುತ್ತದೆ. ಆದರೆ ಇವಳ ಕಾಲು ಕೈಯ ಮಾತು ಕೇಳುವುದಿಲ್ಲ. ಗಾಳಿಯಲ್ಲೇ ಹೊಡೆದ ಉತ್ಸಾಹಕ್ಕೆ ಮೈ ಮುಂದೆ ವಾಲಿ ಬೂಟಿನ ತುದಿ ಗೆರೆ ತುಳಿಯುತ್ತದೆ. ಪಾಯಿಂಟು ಮುಗಿದು ಚೆಂಡು ಸತ್ತ ಮೇಲೆ ತುಳಿದರೂ ತಪ್ಪು ತಪ್ಪೇ. “ಅಕ್ಕ, ಕಿಚನ್!” ಎಂದು ಕೋಚ್ ಕೂಗುತ್ತಾನೆ, ಅವಳು ಕಾಲನ್ನು ಬೈದುಕೊಳ್ಳುತ್ತಾಳೆ. ಎದುರಾಳಿ ಹೊಡೆಯುವ ಕ್ಷಣದಲ್ಲಿ ಎಲ್ಲಿದ್ದರೆ ಅಲ್ಲಿ ಎರಡೂ ಕಾಲೂರಿ ನಿಲ್ಲು, ಓಡುತ್ತಾ ಹೊಡೆಯಬೇಡ ಎಂದು ಈಗ ಅಭ್ಯಾಸ ಮಾಡಿಸುತ್ತಿದ್ದಾನೆ. ಇದು ಎಲ್ಲರಿಗೂ ಬೇಕಾದ್ದು, ಆದರೆ ಯಾರಿಗೂ ಬೇಡವಾದ್ದು. ಕಾಲಿನ ಅಭ್ಯಾಸದಲ್ಲಿ ಮಜಾ ಇಲ್ಲವಲ್ಲ.

ಮೇಷ್ಟ್ರಿಗೆ ಬಿಡುವುದೇ ಬರುವುದಿಲ್ಲ. ಬಾಲ್ ಬ್ಯಾಡ್ಮಿಂಟನ್ನಿನಲ್ಲಿ ಚೆಂಡು ನೆಲ ಮುಟ್ಟಿದರೆ ಕತೆ ಮುಗಿಯಿತು. ಐವರ ತಂಡದಲ್ಲಿ ಆಡಿ ಆಡಿ ಎದುರಿಗೆ ಬಂದದ್ದನ್ನೆಲ್ಲ ಗಾಳಿಯಲ್ಲೇ ಹಿಡಿಯುವುದು ಅವರಿಗೆ ರಕ್ತಗತ. ಇಲ್ಲಿ ಔಟ್ ಹೋಗುವ ಚೆಂಡಿಗೂ ಕೈ ಕೊಟ್ಟು ಎದುರಾಳಿಯ ಪ್ರಾಣ ಉಳಿಸುತ್ತಾರೆ. ಕಿಚನ್ ಗೆರೆಯಲ್ಲಿ ನಿಂತಾಗ ಭುಜದ ಮೇಲೆ ರಭಸದಿಂದ ಬರುವ ಚೆಂಡು ಬಹುಮಟ್ಟಿಗೆ ಔಟೇ. “ಬಿಡಿ ಮೇಷ್ಟ್ರೇ, ಬಿಡಿ, ಬಿಡಿ!” ಎಂದು ಮ್ಯಾನೇಜರ್ ಸರ್ ಕೂಗುವಷ್ಟರಲ್ಲಿ ಪ್ಯಾಡಲ್ಲು ತಾಗಿರುತ್ತದೆ.

ಕೂಗೂ ಈ ಆಟದ ಅಂಗವೇ. ನಡುವೆ ಬಂದ ಚೆಂಡಿಗೆ ಇಬ್ಬರೂ ಹೋಗದೆ ಒಬ್ಬರ ಮುಖ ಒಬ್ಬರು ನೋಡುವುದು ಹೊಸ ಜೋಡಿಗಳ ಲಕ್ಷಣ. ಫೋರ್‌ಹ್ಯಾಂಡ್ ಯಾರಿಗೆ ಬೀಳುತ್ತದೋ ಅವರದು ಎಂದು ಮೊದಲೇ ಮಾತಾಡಿಕೊಂಡರೆ ‘ನಂದು’, ‘ನಿಂದು’, ‘ಬಿಡು’ ಎಂಬ ಮೂರು ಮಾತಿಗೆ ಎಲ್ಲ ಮುಗಿಯುತ್ತದೆ. ಭಾನುವಾರ ಬರುವ ಗಂಡ-ಹೆಂಡಿರ ಜೋಡಿಗಳಲ್ಲಿ ಈ ಮೂರು ಮಾತು ಮನೆಯ ಬೇರೆ ವಿಷಯಗಳಿಗೂ ಹರಡಿಬಿಡುತ್ತವೆ, ಅದು ಬೇರೆ ಮಾತು. ಅಮೆರಿಕದಲ್ಲಿ ಆನಾ ಲೀ ವಾಟರ್ಸ್ 12ನೇ ವಯಸ್ಸಿಗೇ ವೃತ್ತಿಪರಳಾಗಿ ತಾಯಿಯ ಜೊತೆ ಜೋಡಿ ಕಟ್ಟಿ ಆಡಿದಳು. ಹನ್ನೆರಡರ ಮಗಳು ಅಮ್ಮನಿಗೆ ‘ಬಿಡು’ ಎಂದು ಕೂಗಿ, ಅಮ್ಮ ಬಿಟ್ಟಿರಬೇಕಲ್ಲ. ನಮ್ಮ ಮನೆಗಳಲ್ಲಿ ನೆನೆಸಿಕೊಳ್ಳಿ.

ಅಭ್ಯಾಸವೆಂದರೆ ಜನಕ್ಕೆ ಗೇಮ್ ಆಡುವುದೇ. ದುಡ್ಡು ಕೊಟ್ಟ ಸ್ಲಾಟಿನಲ್ಲಿ ಕಲಿಯುತ್ತಾ ಕೂರಲು ಯಾರಿಗೂ ಮನಸ್ಸಾಗುವುದಿಲ್ಲ. ಪ್ಯಾಡಲ್ ಬದಲಿಸಲು ಮಾತ್ರ ತಡವಿಲ್ಲ. ಪ್ಲೈವುಡ್ಡಿನ ಕಾಲ ಎಂದೋ ಹೋಯಿತು. 1984ರಲ್ಲಿ ಬೋಯಿಂಗ್ ಎಂಜಿನಿಯರ್ ಅರ್ಲೆನ್ ಪ್ಯಾರಾಂಟೊ ವಿಮಾನದಲ್ಲಿ ಬಳಸುವ ಜೇನುಗೂಡಿನ ವಿನ್ಯಾಸದ ಹಲಗೆಯಿಂದ ಪ್ಯಾಡಲ್ ಮಾಡಿದ. ಈಗಿನವೂ ಅದೇ ವಂಶ, ಮೇಲೊಂದು ಕಾರ್ಬನ್ ಪದರ. ಸಾಫ್ಟ್‌ವೇರ್ ಹುಡುಗನದು ಅಂಥದ್ದೇ, ಬೆಲೆ ಕೇಳಿದರೆ ಮೇಷ್ಟ್ರು ಕೂತುಬಿಡುತ್ತಾರೆ. ಮೇಷ್ಟ್ರದ್ದು ಅಳಿಯ ಬಿಟ್ಟ ಹಳೆಯದು. ಡ್ರಾಪ್ ಬಾರದ ಕೈಗೆ ದುಬಾರಿ ಪ್ಯಾಡಲ್ ಕೊಟ್ಟರೆ ಚೆಂಡು ಇನ್ನಷ್ಟು ದೂರ ಔಟ್ ಹೋಗುತ್ತದೆ, ಅಷ್ಟೇ ಲಾಭ. ಆ ದುಡ್ಡನ್ನು ಬೂಟಿಗೆ ಹಾಕಿದರೆ ವಾಸಿ. ಓಡಲು ಮಾಡಿದ ಬೂಟು ಅಕ್ಕಪಕ್ಕಕ್ಕೆ ಸರಿಯುವಾಗ ಕಾಲನ್ನು ಹಿಡಿಯುವುದಿಲ್ಲ, ಪಾದ ತಿರುಚುತ್ತದೆ. ತಲೆ ಮೇಲೆ ಲಾಬ್ ಬಂದಾಗ ಹಿಂದುಹಿಂದಕ್ಕೆ ಓಡಿ ಬಿದ್ದು ಕೈ ಊರಿ ಮಣಿಕಟ್ಟು ಮುರಿದುಕೊಳ್ಳುವುದು ಇಲ್ಲಿನ ಹಿರಿಯರ ದೊಡ್ಡ ಅಪಾಯ. ತಿರುಗಿ ಓಡಿ, ಇಲ್ಲವೇ ‘ಒಳ್ಳೇ ಶಾಟ್’ ಎಂದು ಸುಮ್ಮನೆ ನಿಲ್ಲಿ. ಒಂದು ಪಾಯಿಂಟು ಹೋದರೆ ಆಕಾಶವೇನೂ ಕಳಚಿ ಬೀಳದು.

ಕೋಚ್ ಹುಡುಗ ಆಡಿಸುವ ಒಂದು ಆಟ ನನಗೆ ಇಷ್ಟ. ಅರ್ಧ ಕೋರ್ಟು, ಇಬ್ಬರೇ, ಚೆಂಡು ಕಿಚನ್ನಿನಿಂದ ಕಿಚನ್ನಿಗೆ ಮಾತ್ರ. ಆಚೆ ಬಿದ್ದರೆ ಪಾಯಿಂಟು ಎದುರಿನವರಿಗೆ. 11ಕ್ಕೆ ಗೇಮ್. ಅಂದು ಮ್ಯಾನೇಜರ್ ಸರ್ ಜಾಗ ಬಿಟ್ಟು ಕದಲದೆ, ಒಮ್ಮೆ ಸಾಫ್ಟ್‌ವೇರ್ ಹುಡುಗನ ಬ್ಯಾಕ್‌ಹ್ಯಾಂಡಿಗೆ, ಒಮ್ಮೆ ಬಲಗಾಲಿಗೆ, ಮತ್ತೆ ಬ್ಯಾಕ್‌ಹ್ಯಾಂಡಿಗೆ ಕಳಿಸುತ್ತಲೇ ಇದ್ದರು. ಹುಡುಗ ನಾಲ್ಕು ಪಾಯಿಂಟಿಗೇ ನಿಂತ. ಅಂಗಿ ಹಿಂಡಿದರೆ ಒಂದು ಚೊಂಬು ನೀರು. “ಅಂಕಲ್, ನೀವು ಓಡ್ತಾನೇ ಇಲ್ಲ!” ಅಂದ. “ನೀನು ಓಡ್ತಿದೀಯಲ್ಲಪ್ಪ” ಅಂದರು.

ಸ್ಲಾಟ್ ಮುಗಿಯಲು ಐದು ನಿಮಿಷ. ಹುಡುಗ-ಹುಡುಗಿ ಒಂದು ಕಡೆ, ಹಿರಿಯರಿಬ್ಬರು ಒಂದು ಕಡೆ. “ನೈನ್ ನೈನ್ ಟೂ” ಎಂದು ಕೂಗಿ ಹುಡುಗಿ ಸರ್ವ್ ಮಾಡಿದಳು. ಸರ್ವ್ ಮಾಡಿದ ಕಡೆಗೆ ಮಾತ್ರ ಪಾಯಿಂಟು, ಕೊನೆಯ ‘ಟೂ’ ಎಂದರೆ ಜೋಡಿಯ ಎರಡನೇ ಸರ್ವರ್, ತಪ್ಪಿದರೆ ಸರದಿ ಆಚೆಗೆ. ಮೇಷ್ಟ್ರು ಉದ್ದಕ್ಕೆ ವಾಪಸ್ ಕೊಟ್ಟರು. ಮೂರನೆಯದು ಹುಡುಗನಿಗೆ ಬಂತು. ಮೊಣಕಾಲು ಬಗ್ಗಿಸಿ ಎತ್ತಿದ. ಕಿಚನ್ನಿನೊಳಗೆ ಅಚ್ಚುಕಟ್ಟಾಗಿ ಇಳಿಯಿತು. ಇಬ್ಬರೂ ಮುಂದೆ ಬಂದರು. ಟಿಕ್, ಟಿಕ್, ಟಿಕ್. ಪಕ್ಕದ ಕೋರ್ಟಿನವರೂ ನಿಂತು ನೋಡತೊಡಗಿದರು. ಮ್ಯಾನೇಜರ್ ಸರ್ ಕೊಟ್ಟ ಒಂದು ಡಿಂಕ್ ತುಸು ಮೇಲೆದ್ದಿತು, ಹೆಚ್ಚೇನಿಲ್ಲ. ಹುಡುಗನ ಭುಜ ತಿರುಗಿತು. ಅಷ್ಟೂ ಹೊತ್ತು ತಡೆದಿಟ್ಟದ್ದನ್ನೆಲ್ಲ ಸೇರಿಸಿ ಬಾರಿಸಿದ, ಮೇಷ್ಟ್ರ ಭುಜಕ್ಕೆ ನೇರವಾಗಿ.

ಮೇಷ್ಟ್ರ ಪ್ಯಾಡಲ್ಲು ಅರ್ಧ ಎದ್ದಿತು. ಎದ್ದದ್ದು ಇಳಿಯಿತು. ಭುಜ ಓರೆ ಮಾಡಿದರು. ಚೆಂಡು ಕಿವಿಯ ಪಕ್ಕದಲ್ಲೇ ಹಾದು ಬೇಸ್‌ಲೈನ್ ದಾಟಿ ಬಲೆಗೆ ಬಡಿಯಿತು.

“ಔಟು!” ಮ್ಯಾನೇಜರ್ ಸರ್ ಮೇಷ್ಟ್ರ ಬೆನ್ನಿಗೊಂದು ಗುದ್ದು ಕೊಟ್ಟರು. ಸರದಿ ಇವರದಾಯಿತು. ಮುಂದಿನ ಸರ್ವಿಗೆ ಹುಡುಗಿ ಕಿಚನ್ ಗೆರೆ ತುಳಿದು ಹತ್ತನೇ ಪಾಯಿಂಟನ್ನೂ ಕೊಟ್ಟಳು. ಅಷ್ಟರಲ್ಲಿ ಎಂಟರ ಸ್ಲಾಟಿನವರು ಕಿಟ್ ಬ್ಯಾಗ್ ಹೊತ್ತು ಗೇಟು ತಳ್ಳಿಕೊಂಡು ಒಳಗೇ ಬಂದುಬಿಟ್ಟರು. “ಟೈಮ್ ಆಯ್ತು ಅಂಕಲ್.”

“ಆಯ್ತು ಕಣಪ್ಪ, ಒಂದೇ ಪಾಯಿಂಟ್ ಬಾಕಿ” ಅಂದರು ಮೇಷ್ಟ್ರು, ಚೆಂಡನ್ನು ಅಂಗೈಯಲ್ಲಿ ತಿರುಗಿಸುತ್ತಾ. “ಅಲ್ಲಿ ಸೈಡಿಗೆ ನಿಂತ್ಕೊ. ಟೆನ್ ನೈನ್ ಒನ್!”