ಬಲ್ಬಿನ ಮೈಲೇಜು

ಅರವತ್ತರ ಬಲ್ಬು, ನೂರರ ಬಲ್ಬು ಎಂದು ವ್ಯಾಟ್ ಹೇಳಿ ಕೇಳುವ ರೂಢಿ ನಮಗೆ ಬಂದದ್ದು ಬುರುಡೆ ಬಲ್ಬಿನ ಕಾಲದಲ್ಲಿ. ಆಗ ಅದರಲ್ಲಿ ತಪ್ಪಿರಲಿಲ್ಲ. ಯಾವ ಕಂಪನಿಯದಾದರೂ ಬಲ್ಬು ಉರಿಯುವ ಬಗೆ ಒಂದೇ ಆಗಿದ್ದರಿಂದ ವ್ಯಾಟ್ ತಿಳಿದರೆ ಬೆಳಕಿನ ಅಂದಾಜೂ ಸಿಗುತ್ತಿತ್ತು. ಎಲ್‌ಇಡಿ ಬಂದ ಮೇಲೆ ಆ ಲೆಕ್ಕ ನಡೆಯುವುದಿಲ್ಲ. ವ್ಯಾಟ್ ಎಂದರೆ ಬಲ್ಬು ತಿನ್ನುವ ವಿದ್ಯುತ್ತು; ಅದು ಕೊಡುವ ಬೆಳಕಿನ ಅಳತೆ ಲ್ಯೂಮೆನ್. ಬೈಕಿಗೆ ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುವ ಹಾಗೆ ಬಲ್ಬಿಗೆ ವ್ಯಾಟಿಗೆ ಎಷ್ಟು ಲ್ಯೂಮೆನ್ ಎಂದು ಕೇಳಬೇಕು. ಉತ್ತರ ಡಬ್ಬಿಯ ಮೇಲೆಯೇ ಇರುತ್ತದೆ.

60 ವ್ಯಾಟಿನ ಬುರುಡೆ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತದೆ, ಅಂದರೆ ವ್ಯಾಟಿಗೆ 12ರಷ್ಟು. ಟಂಗ್‌ಸ್ಟನ್ ತಂತಿ ಎರಡು ಸಾವಿರ ಡಿಗ್ರಿ ದಾಟಿ ಕಾದು ಬೆಳಗುವಾಗ ಹೊರಬೀಳುವುದರಲ್ಲಿ ಹೆಚ್ಚಿನ ಪಾಲು ಕಣ್ಣಿಗೆ ಕಾಣದ ಶಾಖ. ಸಿಎಫ್‌ಎಲ್ ವ್ಯಾಟಿಗೆ 50–60 ಲ್ಯೂಮೆನ್ ಕೊಟ್ಟಿತು. ಇಂದಿನ ಸಾಧಾರಣ ಎಲ್‌ಇಡಿ 100ರ ಆಸುಪಾಸಿನಲ್ಲಿದೆ. ದಿನಕ್ಕೆ ಆರು ಗಂಟೆ ಉರಿಯುವ 60 ವ್ಯಾಟಿನ ಬಲ್ಬು ತಿಂಗಳಿಗೆ 10.8 ಯೂನಿಟ್ ಬಳಸಿದರೆ, ಅದರ ಜಾಗದಲ್ಲಿ ಕೂತ 9 ವ್ಯಾಟಿನ ಎಲ್‌ಇಡಿಗೆ ಎರಡು ಯೂನಿಟ್ಟೂ ಬೇಡ.

ಎಲ್‌ಇಡಿಯಲ್ಲಿ ಬೆಳಕಿಗಾಗಿ ಏನನ್ನೂ ಕಾಯಿಸಬೇಕಿಲ್ಲ. ಅರೆವಾಹಕದೊಳಗೆ ಇಲೆಕ್ಟ್ರಾನು ಖಾಲಿ ಜಾಗವೊಂದಕ್ಕೆ ಇಳಿದಾಗ ಬಿಡುವ ಶಕ್ತಿಯೇ ಬೆಳಕು. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ತೋರಿಸಿದರು. ಆದರೆ ಮನೆ ಬೆಳಗಲು ಬಿಳಿ ಬೇಕು, ಬಿಳಿಗೆ ನೀಲಿ ಬೇಕು. ಪ್ರಖರವಾದ ನೀಲಿಗಾಗಿ ಮತ್ತೆ ಮೂರು ದಶಕ ಕಾಯಬೇಕಾಯಿತು. ಹಲವರು ಕೈಬಿಟ್ಟಿದ್ದ ಗ್ಯಾಲಿಯಂ ನೈಟ್ರೈಡನ್ನು ಹಟ ಹಿಡಿದು ಪಳಗಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರ ಅವರಿಗೆ 2014ರ ಭೌತವಿಜ್ಞಾನ ನೊಬೆಲ್ ಸಂದಿತು. ಮರುವರ್ಷವೇ ನಮ್ಮಲ್ಲಿ ಉಜಾಲಾ ಯೋಜನೆ ಶುರುವಾಗಿ, ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ 9 ವ್ಯಾಟಿನ ಬಲ್ಬು ಮನೆಮನೆಗೆ ಬಂತು. ಪ್ರಯೋಗಾಲಯದ ಸಾಧನೆಯೊಂದು ಇಷ್ಟು ಬೇಗ ಬಡವರ ಮನೆಯ ಹೋಲ್ಡರಿಗೆ ತಲುಪಿದ ಉದಾಹರಣೆ ನನಗೆ ಬೇರೆ ಹೊಳೆಯುವುದಿಲ್ಲ.

ನಮ್ಮ ‘ಬಿಳಿ’ ಬಲ್ಬಿನೊಳಗೆ ಇಂದಿಗೂ ಇರುವುದು ನೀಲಿ ಚಿಪ್ಪೇ. ಅದರ ಮೇಲೆ ಬಳಿದ ಫಾಸ್ಫರ್ ಎಂಬ ಹಳದಿ ಲೇಪ ನೀಲಿಯ ಒಂದಷ್ಟನ್ನು ಹೀರಿ ಹಳದಿಯಾಗಿ ಹೊರಬಿಡುತ್ತದೆ. ಎರಡೂ ಬೆರೆತು ಬಿಳಿ ಕಾಣುತ್ತದೆ. ಡಬ್ಬಿಯ ಮೇಲಿನ 3000 ಕೆಲ್ವಿನ್, 6500 ಕೆಲ್ವಿನ್ ಎಂಬ ಅಂಕಿ ಹೇಳುವುದು ಈ ಬೆರಕೆಯ ಛಾಯೆಯನ್ನು. 6500 ಎಂದರೆ ನೀಲಿ ಜಾಸ್ತಿ. ನಮ್ಮಲ್ಲಿ ಮಾರಾಟವಾಗುವುದು ಹೆಚ್ಚಾಗಿ ಇದೇ, ಬೆಳ್ಳಗಿದ್ದರೆ ಬೆಳಕು ಹೆಚ್ಚೆಂಬ ನಂಬಿಕೆಯಿಂದ. ಆದರೆ ಕಣ್ಣಿನ ಅಕ್ಷಿಪಟಲದಲ್ಲಿ ನೀಲಿಗೆ ಸ್ಪಂದಿಸಿ ಮಿದುಳಿಗೆ ‘ಇನ್ನೂ ಹಗಲು’ ಎಂದು ತಿಳಿಸುವ ಕೋಶಗಳಿವೆ. ನಿದ್ದೆಯ ಹೊತ್ತನ್ನು ಸೂಚಿಸುವ ಮೆಲಟೋನಿನ್ ಅದರಿಂದ ತಗ್ಗುತ್ತದೆ. ಮಲಗುವ ಕೋಣೆಗೆ 2700–3000 ಕೆಲ್ವಿನ್‌ನ ಹೊಂಬಣ್ಣವೇ ಸರಿ.

ಈ ಬೆರಕೆಯಲ್ಲಿ ಕೆಂಪು ಕಡಿಮೆ. ಅಗ್ಗದ ಬಲ್ಬಿನಡಿ ಟೊಮೆಟೊ, ಕುಂಕುಮ, ಕೆಂಪು ರೇಷ್ಮೆ ಮಂಕಾಗಿ ಕಾಣುವುದು ಅದಕ್ಕೇ. ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆಂಬುದಕ್ಕೆ ಸಿಆರ್‌ಐ ಎಂಬ ಅಳತೆಯಿದೆ. 80 ಇದ್ದರೆ ಸಾಕು. ಅಡುಗೆಮನೆಗೂ ಕನ್ನಡಿಯ ಮುಂದಕ್ಕೂ 90 ಸಿಕ್ಕರೆ ಬಿಡಬೇಡಿ.

ಇನ್ನು ಬಾಳಿಕೆ. 25,000 ಗಂಟೆ ಎಂದು ಬರೆದಿರುತ್ತದೆ, ದಿನಕ್ಕೆ ಆರು ಗಂಟೆಯಂತೆ ಹನ್ನೊಂದು ವರ್ಷ. ಹಾಗಿದ್ದೂ ವರ್ಷದೊಳಗೆ ಬಲ್ಬು ಕೈಕೊಡುತ್ತದಲ್ಲ? ಅನೇಕ ಸಲ ಸತ್ತಿರುವುದು ಚಿಪ್ಪಲ್ಲ, ಬುಡದಲ್ಲಿರುವ ಡ್ರೈವರ್. ಮನೆಯ ಎಸಿ ವಿದ್ಯುತ್ತನ್ನು ಡಿಸಿಗೆ ತಿರುಗಿಸುವ ಈ ಪುಟ್ಟ ಸರ್ಕ್ಯೂಟಿನಲ್ಲಿ ಒಂದು ಕೆಪಾಸಿಟರ್ ಇರುತ್ತದೆ. ಬಿಸಿ ಹತ್ತು ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧಕ್ಕಿಳಿಯುತ್ತದೆಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಎಲ್‌ಇಡಿಯಲ್ಲೂ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಶಾಖವೇ ಆಗುತ್ತದೆ. ಬುರುಡೆ ಬಲ್ಬು ಅದನ್ನು ಕಿರಣವಾಗಿ ಮುಂದಕ್ಕೆ ಚೆಲ್ಲುತ್ತಿತ್ತು. ಎಲ್‌ಇಡಿಯ ಶಾಖ ಹಿಂದಕ್ಕೆ, ಬುಡದ ಕಡೆಗೇ ಹರಿಯಬೇಕು. ಆದ್ದರಿಂದ ಪೂರ್ತಿ ಮುಚ್ಚಿದ ಗಾಜಿನ ಗೋಳದೊಳಗೆ ಬಲ್ಬು ಹಾಕುವುದೆಂದರೆ ಅದನ್ನು ಕೈಯಾರೆ ಬೇಯಿಸಿದಂತೆ. ಡ್ರೈವರ್ ಕಳಪೆಯಾದರೆ ಬೆಳಕು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ; ಬೆಳಕಿನಡಿ ಪೆನ್ಸಿಲನ್ನು ಬೀಸಿ ನೋಡಿ, ಗೆರೆಗಳು ತುಂಡುತುಂಡಾಗಿ ಕಂಡರೆ ಆ ಬಲ್ಬು ಓದುವ ಮೇಜಿಗೆ ಬೇಡ. ಬಿಐಎಸ್ ಗುರುತು, ಬಿಇಇ ನಕ್ಷತ್ರ, ಲಿಖಿತ ವಾರಂಟಿ ಇರುವುದಕ್ಕೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಡುವುದು ದುಂದಲ್ಲ.

ಎಲ್ಲವನ್ನೂ ಒಂದೇ ದಿನ ಬದಲಿಸಬೇಕಿಲ್ಲ. ದಿನಕ್ಕೆ ಐದು ನಿಮಿಷ ಉರಿಯುವ ಅಟ್ಟದ ಬಲ್ಬು ಹಾಗೇ ಇರಲಿ, ಸಂಜೆಯಿಡೀ ಉರಿಯುವ ನಡುಮನೆಯ ಟ್ಯೂಬ್‌ಲೈಟ್ ಮೊದಲು ಹೋಗಲಿ. 40 ವ್ಯಾಟಿನ ಹಳೆಯ ಟ್ಯೂಬು ತನ್ನ ಭಾರದ ಚೋಕ್ ಸೇರಿ 50 ವ್ಯಾಟ್ ಮೀರುತ್ತದೆ. 20 ವ್ಯಾಟಿನ ಎಲ್‌ಇಡಿ ಪಟ್ಟಿ ಆ ಕೆಲಸ ಮಾಡುತ್ತದೆ. ಹಳೆಯ ಪಟ್ಟಿಯಲ್ಲೇ ಎಲ್‌ಇಡಿ ಟ್ಯೂಬು ಕೂರಿಸುವುದಾದರೆ ಚೋಕ್, ಸ್ಟಾರ್ಟರ್‌ಗಳನ್ನು ಏನು ಮಾಡಬೇಕೆಂದು ಡಬ್ಬಿಯ ಸೂಚನೆ ನೋಡಿಯೇ ವೈರಿಂಗ್ ಮಾಡಿಸಿ. ತೆಗೆದ ಟ್ಯೂಬನ್ನು ಒಡೆದು ಕಸಕ್ಕೆ ಹಾಕಬೇಡಿ, ಅದರೊಳಗೆ ಪಾದರಸವಿದೆ. ಇಡಿಯಾಗಿಯೇ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.